ಫೆಬ್ರವರಿ ಮೂವತ್ತರ ಕೊಸರು

ಹುಬ್ಬಳ್ಳಿ, ಫೆಬ್ರವರಿ ೩೦, ೨೧೪೮

ಹಿಂದಿನ ಕಾಲದವರಿಗೆ,

ತಾರೀಖು ಕೈತಪ್ಪಿ ಬಿದ್ದದ್ದಲ್ಲ. ನಿಮ್ಮಲ್ಲಿ ಇಲ್ಲದ ದಿನ ನಮ್ಮಲ್ಲಿದೆ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸೀತು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ನೀಲಗಂಗವ್ವ. ದೊಡ್ಡಾಸ್ಪತ್ರೆಯ ಗೇಟಿನಲ್ಲಿ ಸೊಪ್ಪು ಮಾರುತ್ತಿದ್ದವಳು ಈಗ ಅದರ ಅಡುಗೆಮನೆಗೆ ಕಾಯಿಪಲ್ಲೆ ಹಾಕುತ್ತೇನೆ. ಮೊಮ್ಮಗಳು ಮೇದಿನಿ ಅಲ್ಲೇ ಡಾಕ್ಟರಿಕೆ ಕಲಿಯುತ್ತಿದ್ದಾಳೆ.

ಕಲಿಯುವ ಡಾಕ್ಟರರ ಕೈಗೆ ಇಲ್ಲಿ ಗಂಟೆಬಳೆ ತೊಡಿಸುತ್ತಾರೆ. ವಾರದ ದುಡಿಮೆ ಮಿತಿ ಮುಟ್ಟಿತೆಂದರೆ ಬಳೆ ಕೆಂಪಾಗುತ್ತದೆ, ವಾರ್ಡಿನ ಬಾಗಿಲು ಅವರಿಗೆ ತೆರೆಯುವುದಿಲ್ಲ; ಮನೆಗೆ ಹೋಗಿ ಮಲಗಲೇಬೇಕು. ಒಳ್ಳೆಯ ಕಾನೂನೇ. ಆದರೆ ಡಾಕ್ಟರರನ್ನು ಹೆಚ್ಚಿಸುವುದಕ್ಕಿಂತ ದಿನ ಹೆಚ್ಚಿಸುವುದು ಅಗ್ಗವೆಂದು ಆಸ್ಪತ್ರೆಯವರಿಗೆ ಹೊಳೆಯಿತು. ತಿಂಗಳ ಬಾಲಕ್ಕೆ ಯಾವ ವಾರಕ್ಕೂ ಸೇರದ ಒಂದು ದಿನ ಅಂಟಿಸಿ, ಕೊಸರು ದಿನ ಎಂದು ಕರೆದರು. ಊರಿಗೆಲ್ಲ ಇಂದು ಮಾರ್ಚ್ ಒಂದು. ಆಸ್ಪತ್ರೆಯೊಳಗೆ ಫೆಬ್ರವರಿ ಮೂವತ್ತು. ಪಾಪ, ಬಳೆಗೆ ಆ ತಾರೀಖೇ ಗೊತ್ತಿಲ್ಲ. ಹಸಿರಾಗಿಯೇ ಇರುತ್ತದೆ.

ಮುಂಜಾನೆ ಕಾಯಿಪಲ್ಲೆ ಹಾಕಿ ಮಕ್ಕಳ ವಾರ್ಡಿಗೆ ಹೋದಾಗ, ಮೇದಿನಿ ಒಂದು ಕೂಸಿನ ಎದೆಗೆ ಸ್ಟೆತಸ್ಕೋಪ್ ಇಟ್ಟವಳು ನಿಂತಲ್ಲೇ ನಿದ್ದೆಹೋದಳು. ಕೂಸಿನ ತಾಯಿ ನನ್ನನ್ನು ಕಂಡು, "ನಿಮ್ಮ ಮೊಮ್ಮಗಳು ಎಷ್ಟ ಲಕ್ಷ್ಯ ಕೊಟ್ಟ ಕೇಳ್ತಾರ್ರೀ ಅವ್ವಾರ, ಕಣ್ಣ ಮುಚ್ಚಿ ಕೇಳ್ತಾರ!" ಎಂದು ಹೊಗಳಿದಳು. ಕೂಸಿಗೆ ಏನೂ ಆಗಲಿಲ್ಲ, ಇವತ್ತು.

ವಿಭಾಗದ ದೊಡ್ಡ ಡಾಕ್ಟರ ಹತ್ತಿರ ಹೋಗಿ, ಹುಡುಗಿಯನ್ನು ಮನೆಗೆ ಕಳಿಸಿ ಎಂದೆ.

"ಒಂದ ಕೊಸರಿಗೆ ಇಷ್ಟ್ಯಾಕ ಜಗಳಾ, ಅವ್ವಾ? ನೀ ಸೊಪ್ಪಿನ ಜೋಡಿ ನಾಕ ಎಳಿ ಕೊತ್ತಂಬರಿ ಹೆಚ್ಚಿಗಿ ಹಾಕ್ತಿದ್ದಿಲ್ಲೇನು? ನಾವೂ ಹಿಂಗ ಕಲತವರು," ಎಂದು ನಕ್ಕು ಚಹಾ ತರಿಸಿದರು.

ಕುಡಿದೆ. ನನ್ನ ಕಾಯಿಪಲ್ಲೆ ಗುತ್ತಿಗೆ ನಡೆಯುವುದು ಅವರ ಸಹಿಯ ಮೇಲೆ. ಆದರೆ ಕೊಸರೆಂದರೆ ಮಾರುವವಳು ಕೈಯಾರೆ ಹಾಕುವುದು. ಕೊಳ್ಳುವವರೇ ಬುಟ್ಟಿಗೆ ಕೈಹಾಕಿ ಎಳೆದುಕೊಂಡರೆ ಅದಕ್ಕೆ ಬೇರೆ ಹೆಸರಿದೆ.

ಸ್ನಾನಕ್ಕೆಂದು ಮನೆಗೆ ಬಂದ ಮೇದಿನಿ ರೊಟ್ಟಿ ಮುರಿದ ಕೈ ತಟ್ಟೆಯಲ್ಲೇ ಬಿಟ್ಟು ಮಲಗಿದ್ದಾಳೆ. ಈಗಷ್ಟೇ ಬಳೆ ಗುರುಗುಟ್ಟಿ ಆಸ್ಪತ್ರೆಯ ಸಂದೇಶ ತಂದಿತು: ಕೂಡಲೇ ವಾರ್ಡಿಗೆ ಬರತಕ್ಕದ್ದು, ನಾಳೆಯೂ ಪಾಳಿ ಇದೆ, ಫೆಬ್ರವರಿ ಮೂವತ್ತೊಂದು.

ಕಾನೂನು ಇನ್ನೂ ನಿಮ್ಮ ಕೈಯಲ್ಲಿದೆ. ಇಷ್ಟು ದಿನ, ಇಷ್ಟು ವಾರ ಎಂದು ಬರೆದು ಸುಮ್ಮನಾಗಬೇಡಿ. ದಿನ, ವಾರಗಳನ್ನು ಇವರು ಹಿಟ್ಟಿನ ಹಾಗೆ ಹಿಗ್ಗಿಸುತ್ತಾರೆ. ದುಡಿದು ಬಂದವರು ಮಲಗಿ, ತಾವಾಗಿಯೇ ಏಳುವ ತನಕ ಯಾರೂ ಕರೆಯಕೂಡದು ಎಂದು ಬರೆಯಿರಿ.

ನಾನು ಅವಳನ್ನು ಎಬ್ಬಿಸಿಲ್ಲ. ಬಾಗಿಲಿಗೆ ಚಿಲಕ ಹಾಕಿ ಬಂದು ಕೂತಿದ್ದೇನೆ. ಗುತ್ತಿಗೆ ಹೋದರೆ ಬುಟ್ಟಿ ಇದ್ದೇ ಇದೆ. ಯಾರೋ ಬಾಗಿಲು ಬಡಿಯುತ್ತಿದ್ದಾರೆ.

ಬೇಗ ಬರೆಯಿರಿ.

ನೀಲಗಂಗವ್ವ