ಲ್ಯಾಪ್‌ಟಾಪಿಗೆ ಟ್ರೇಲರಿನ ಕೆಂಪು

ಸದಲಗಾ
9 ಅಕ್ಟೋಬರ್ 2025

ಚಿ. ಸಾರಿಕಾಳಿಗೆ ಅಕ್ಕ ಸರಿತಾಳ ಆಶೀರ್ವಾದಗಳು.

ದೂಧಗಂಗಾ ತೀರದ ಸಮಸ್ತ ಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನನ್ನ ಹಳೆಯ ಲ್ಯಾಪ್‌ಟಾಪಿಗೆ ಬಣ್ಣ ಹೊಡೆಯಲಾಗಿದೆ. ಯಾರೂ ಗಾಬರಿಯಾಗದೆ ಶಾಂತಿ ಕಾಪಾಡಬೇಕು.

ಪತ್ರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳೋಣವೆಂದರೆ ಅವ್ವ ನಿನ್ನ ಮಗ್ಗುಲಲ್ಲೇ ಕುಳಿತು, "ಸ್ಪೀಕರ್ ಹಾಕ ಬೇ, ನಾನೂ ಕೇಳತೀನಿ" ಅನ್ನುತ್ತಾಳೆ. ಅವಳಿಗೆ ಓದಲು ಬಾರದು, ಹಾಗಾಗಿ ಕಾಗದವೇ ಸುರಕ್ಷಿತ. ದೀಪಾವಳಿಗೆ ಅವಳು ಇಲ್ಲಿಗೆ ಬರುವುದರೊಳಗೆ ಈ ಸುದ್ದಿ ಅವಳ ಕಿವಿಗೆ ಬೀಳಬಾರದು.

ನಡೆದದ್ದು ಇಷ್ಟು. ಖಂಡೇನವಮಿಗೆ ನಮ್ಮ ಮನೆಯಲ್ಲಿ ಟ್ರ್ಯಾಕ್ಟರು, ಕುಡಗೋಲು, ಕೊಡಲಿ ಎಲ್ಲವೂ ಪೂಜೆಗೆ ಕೂರುತ್ತವೆ. ಪಡಸಾಲೆಯಲ್ಲಿ ಕುಳಿತು ಊರವರ ಅರ್ಜಿ ತುಂಬುವ ನನ್ನ ಆಯುಧ ಲ್ಯಾಪ್‌ಟಾಪು. ನಿನ್ನ ದಾಜಿ, ಅಂದರೆ ನನ್ನ ಪತಿರಾಯರಾದ ಶ್ರೀಮಾನ್ ಸುರಜರು ಅದನ್ನು ದೂರದಿಂದ ನೋಡಿದರು, ಹತ್ತಿರದಿಂದ ನೋಡಿದರು, ಮುಖ ಕಿವುಚಿದರು.

"ಎಲ್ಲಾ ಸಾಮಾನು ಮಿಂಚತಾವ, ಇದೊಂದ ಹಳೇ ತಗಡಿನ ಡಬ್ಬಿ ಕಂಡಂಗ ಕಾಣತೈತಿ. ಮಂದಿ ಏನ ಅಂದಾರು?"

ಮಂದಿ ಏನೂ ಅಂದಿರಲಿಲ್ಲ. ಅವರಿಗೆ ಅವರವರ ಅರ್ಜಿಯದೇ ಚಿಂತೆ.

ನಾನು ಏಕಸಂಬಿಗೆ ತೊಟ್ಟಿಲ ಕಾರ್ಯಕ್ಕೆ ಹೋದದ್ದೇ ತಡ, ದಾಜಿ ಲ್ಯಾಪ್‌ಟಾಪನ್ನು ಬಗಲಲ್ಲಿ ಇಟ್ಟುಕೊಂಡು ಮಾಳಸಿದ್ದನ ಬಳಿ ನಡೆದರು. ಈ ಮಾಳಸಿದ್ದ ಕಬ್ಬಿನ ಟ್ರೇಲರುಗಳಿಗೆ ಬಣ್ಣ ಹೊಡೆಯುವ ಮಹಾಶಯ. ಅವನ ಲೆಕ್ಕದಲ್ಲಿ ಜಗತ್ತಿನಲ್ಲಿರುವುದು ಎರಡೇ ವಸ್ತು: ಬಣ್ಣ ಹೊಡೆದ ಟ್ರೇಲರು, ಇನ್ನೂ ಬಣ್ಣ ಹೊಡೆಯದ ಟ್ರೇಲರು. ಮುಚ್ಚಳವನ್ನು ಪಾಲಿಶ್ ಪೇಪರಿನಿಂದ ಉಜ್ಜಿ, ತಗ್ಗುಗಳಿಗೆ ಪುಟ್ಟಿ ಮೆತ್ತಿ, ಕೆಂಪು ಹೊಡೆದು, ಅಂಚಿಗೆ ಹಳದಿ ಪಟ್ಟಿ ಎಳೆದು, ನಡುವೆ ಗುಲಾಬಿ ಹೂ ಅರಳಿಸಿದ್ದಾನೆ. ಹೂವಿನ ಕೆಳಗೆ ಮರಾಠಿಯಲ್ಲಿ 'ಆಯೀಚಾ ಆಶೀರ್ವಾದ', ಅಂದರೆ ತಾಯಿಯ ಆಶೀರ್ವಾದ. ಹಾರ್ನ್ ಬಾರಿಸಿರಿ ಎಂದು ಬರೆಯಲು ಜಾಗ ಸಾಲಲಿಲ್ಲವಂತೆ, ಪಾಪ, ಬೇಸರಪಟ್ಟುಕೊಂಡ.

"ಇಲ್ಲೆ ಹೆಸರ ಇತ್ತಲ್ಲರೀ?" ಎಂದು ದಾಜಿಯನ್ನು ಕೇಳಿದೆ.

"ಅದಾ? ಪಾತ್ರಿ ಅಂಗಡ್ಯಾಗ ಚುಚ್ಚಿದ ಚುಕ್ಕಿ. ಲ್ಯಾಪ್‌ಟಾಪ್ ಏನ ತಂಬಿಗಿ ಏನ? ಗಿರಾಕಿ ನೋಡಿ ನಗತಾರ."

"ಯಾವ ಗಿರಾಕಿ ನಕ್ಕಾರ್ರಿ?"

"ನಕ್ಕಿಲ್ಲ. ನಗಾವ್ರಿದ್ರು."

ಬಾರದ ನಗೆಗೆ ಮುಂಗಡವಾಗಿಯೇ ನಾಚಿಕೊಂಡ ಗಂಡಸನ್ನು ನಾನು ಕಂಡದ್ದು ಈ ಮನೆಯಲ್ಲೇ.

ಅತ್ತೆ ಜನಾಬಾಯಿಗೆ ಮಾತ್ರ ಹಬ್ಬ. "ನನ್ನ ಮಗಾ ನನ್ನ ಆಶೀರ್ವಾದ ಬರಸ್ಯಾನ ನೋಡ್ರಿ" ಎಂದು ಓಣಿಯ ಮನೆಮನೆಗೂ ಅದನ್ನು ಹೊತ್ತು ತೋರಿಸಿ ಬಂದರು. ನಮ್ಮ ಮದುವೆಯ ಫೋಟೋಕ್ಕೂ ಆ ಭಾಗ್ಯ ಸಿಕ್ಕಿರಲಿಲ್ಲ.

ಪೂಜೆಯ ಹೊತ್ತಿಗೆ ಹೊಸ ತೊಡಕು. ಬಣ್ಣ ಒಣಗಿ ಮುಚ್ಚಳ ಅಂಟಿಕೊಂಡಿತ್ತು. ಕುಂಕುಮ, ಹೂ, ಕಾಯಿ, ಕರ್ಪೂರ ಎಲ್ಲವನ್ನೂ ಅದು ಬಾಯಿ ಮುಚ್ಚಿಕೊಂಡೇ ಸ್ವೀಕರಿಸಿತು. ಮರುದಿನ ಚಾಕು ಹಾಕಿ ಬಿಡಿಸಿದೆ. ಗಾಳಿಯಾಡುವ ಕಿಂಡಿಗಳಿಗೂ ಬಣ್ಣ ಕೂತಿರುವುದರಿಂದ ಈಗ ಒಂದು ಅರ್ಜಿ ತುಂಬುವಷ್ಟರಲ್ಲಿ ಅದು ರೊಟ್ಟಿಯ ಹಂಚಿನಂತೆ ಕಾಯುತ್ತದೆ. ದಾಜಿಯನ್ನು ಕರೆದು ಮುಟ್ಟಿಸಿದೆ. "ಥಂಡಿ ದಿನಾ ಬಂದ್ವು, ಛಲೋನ ಆತು" ಎಂದು ಕೈ ಕಾಯಿಸಿಕೊಂಡು ಹೋದರು.

ಉಳಿದಂತೆ ಎಲ್ಲರೂ ಕ್ಷೇಮ. ನಿನ್ನ ಹೊಲಿಗೆ ಮಷಿನ್ನು ದಾಜಿಯ ಕಣ್ಣಿಗೆ ಬೀಳದಂತೆ ನೋಡಿಕೋ. ದೇವರು ನಿನ್ನನ್ನೂ ಅದರ ಕಪ್ಪು ಬಣ್ಣವನ್ನೂ ನೂರು ವರ್ಷ ಕಾಪಾಡಲಿ.

ನಿನ್ನ ಅಕ್ಕ,
ಸರಿತಾ

ತಾ.ಕ.: ಉಜ್ಜಿ ತೆಗೆದ ಆ ಚುಕ್ಕಿಗಳಲ್ಲಿ ಏನಿತ್ತೆಂದು ನಿನಗೆ ಗೊತ್ತು: 'ಸರಿತಾಳಿಗೆ ಅಕ್ಕುತಾಯಿಯಿಂದ'. ತಂಬಾಕಿನ ವಖಾರಿಯಲ್ಲಿ ದುಡಿದು ಲ್ಯಾಪ್‌ಟಾಪು ಕೊಡಿಸಿದ ದಿನವೇ ಅವ್ವ, ಹೊಸ ತಂಬಿಗೆ ಕೊಂಡವಳಂತೆ, ಅದನ್ನು ನೆಟ್ಟಗೆ ಪಾತ್ರೆ ಅಂಗಡಿಗೆ ಒಯ್ದಿದ್ದಳು. ನನ್ನ ಮದುವೆಯ ಹಂಡೆ, ಕೊಡಗಳನ್ನು ಕೊಂಡವಳೂ ಅವಳೇ, ಆದರೆ ಅವುಗಳ ಮೇಲೆ ಹಾಕಿಸಿದ್ದು, ಅಪ್ಪನ ತಮ್ಮನೆಂದು, ಕಾಕಾನ ಹೆಸರು. ಹೆಂಗಸಿನ ಹೆಸರು ಚೆಂದ ಕಾಣುವುದಿಲ್ಲ ಎಂದರು ಹಿರಿಯರು. ಈ ಮನೆಯಲ್ಲಿ ಅವಳ ಹೆಸರು ಇದ್ದದ್ದು ಆ ಮುಚ್ಚಳದ ಮೇಲೆ ಮಾತ್ರ. ಬಂದಾಗಲೆಲ್ಲ ಚೀಲ ಕೆಳಗಿಟ್ಟು, ನೀರು ಕುಡಿಯುವ ಮೊದಲು ಆ ಚುಕ್ಕಿಗಳ ಮೇಲೆ ಬೆರಳಾಡಿಸಿ, "ಐತಿ" ಅನ್ನುತ್ತಾಳೆ. ಈ ಸಲ ಅವಳ ಬೆರಳಿಗೆ ನುಣ್ಣನೆಯ ಗುಲಾಬಿ ಹೂ ಸಿಗುತ್ತದೆ.

ಬರುವ ಸಂತೆಯ ದಿನ ಅದನ್ನು ಚೀಲದಲ್ಲಿ ಹಾಕಿಕೊಂಡು ನಿಪ್ಪಾಣಿಗೆ ಬರುತ್ತೇನೆ. ಆ ಪಾತ್ರೆ ಅಂಗಡಿಯವನು ಬಣ್ಣದ ಮೇಲೆ ಚುಚ್ಚಿಕೊಡುತ್ತಾನೋ ಹೇಗೆ, ಒಮ್ಮೆ ಹೋಗಿ ಕೇಳಿ ಇಡು. ಹೋಗುವಾಗ ಅವ್ವನನ್ನು ಕರೆದುಕೊಂಡು ಹೋಗಬೇಡ.