ಬೆರಳಿಗೆ ಪೆನ್ನಿನ ಗೆರೆ

೭ ಜೂನ್ ೨೦೨೪, ಶುಕ್ರವಾರ, ಕ್ಲಾಂಡಾಲ್ಕಿನ್

ಬೆರಳಿಗೆ ಶಾಯಿ ಹಾಕಲೇ ಇಲ್ಲ. ಪೌರತ್ವವಿಲ್ಲದ ನಮಗೂ ಈ ದೇಶ ಕೌನ್ಸಿಲ್ ಚುನಾವಣೆಯಲ್ಲಿ ವೋಟಿನ ಹಕ್ಕು ಕೊಟ್ಟಿದೆ, ಶಾಯಿಯನ್ನು ಮಾತ್ರ ಕೊಡಲಿಲ್ಲ! ಅಭ್ಯಾಸಬಲದಿಂದ ಎಡಗೈ ಚಾಚಿದರೆ ಮತಗಟ್ಟೆಯ ಅಧಿಕಾರಿ “ಯು ಆರ್ ಗ್ರ್ಯಾಂಡ್” ಎಂದು ನಕ್ಕರು; ಇಲ್ಲಿನವರ ಮಾತಿನಲ್ಲಿ ‘ಪರವಾಗಿಲ್ಲ, ಏನೂ ಬೇಡ’ ಎಂದರ್ಥ.

ಜೊತೆಗೆ ಬಂದ ಆಫೀಸಿನ ಗೆಳತಿ, ಹಾಂಗ್‌ಕಾಂಗಿನ ವಿಂಗ್, ಬೇಗ ಹೊರಬರಲಿಲ್ಲ. ಇಲ್ಲಿ ಅಭ್ಯರ್ಥಿಗಳ ಹೆಸರಿನ ಮುಂದೆ ನಮ್ಮಿಷ್ಟದ ಕ್ರಮದಲ್ಲಿ ಒಂದು, ಎರಡು ಎಂದು ಬರೆಯಬೇಕು. ಅವಳು ಪ್ರತಿಯೊಬ್ಬರಿಗೂ ಬರೆದಿದ್ದಳಂತೆ.

“ವಲಸಿಗರು ಬೇಡ ಅನ್ನೋನಿಗೂನಾ?” ಎಂದೆ.

“ಅವನಿಗೆ ಕೊನೇ ನಂಬರ್. ನಮ್ಮಲ್ಲಿ ಯಾರು ನಿಲ್ಲಬೇಕು ಅಂತ ಸರ್ಕಾರದ ಸಮಿತಿನೇ ಮೊದಲು ಸೋಸಿಬಿಡುತ್ತೆ. ಬೇಡ ಅಂತ ನಾನೇ ಹೇಳಿ ಎಷ್ಟು ವರ್ಷ ಆಗಿತ್ತು!”

ಬಸ್‌ಸ್ಟಾಪಿನಲ್ಲಿ ನನ್ನ ಪೆನ್ನಿನಿಂದಲೇ ಅವಳ ಬೆರಳಿಗೆ ನಮ್ಮೂರಿನ ಗೆರೆ ಎಳೆದೆ. ಈ ಊರು ತಣ್ಣಗಿರಲಿ.

ಈಗ ಮೆಸೇಜ್ ಬಂತು. ಗೆರೆ ಅಳಿಯದಿರಲೆಂದು ಗ್ಲೌಸ್ ಹಾಕಿ ಪಾತ್ರೆ ತೊಳೆದಳಂತೆ.