ಯಾವ ತಪ್ಪಿಗೆ ಬೀಗದಣ್ಣನನ್ನು ಕ್ಷಮಿಸಲಿ?

ನಗರದ ಶಾಂತಿ ಸುವ್ಯವಸ್ಥೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮ ಬೀದಿಯ ಬೀಗ ರಿಪೇರಿ ಅಂಗಡಿಗೆ ನೀವು ಸರ್ಕಾರಿ ಬೀಗ ಜಡಿಸಿ ಸೀಲು ಹಾಕಿಸಿದ್ದೀರಿ. ಅದನ್ನು ತೆಗೆಸಿ. ಮುಖ್ಯರಸ್ತೆಯ ತಿರುವಿನಲ್ಲಿ ನನ್ನ ಮುಖವಿರುವ ಫ್ಲೆಕ್ಸ್ ನಿಲ್ಲಿಸಿದ್ದೀರಿ. ಅದನ್ನು ಇಳಿಸಿ. ಇಷ್ಟನ್ನೇ ಬಾಯಲ್ಲಿ ಹೇಳೋಣವೆಂದು ನಿಮ್ಮ ಕಚೇರಿಗೆ ಎಷ್ಟು ಸಲ ಅಲೆದರೂ "ಸಾಹೇಬ್ರು ಶಾಂತಿ ಸಭೆಯಲ್ಲಿದ್ದಾರೆ" ಎಂಬ ಉತ್ತರವೇ ಸಿಕ್ಕಿದ್ದರಿಂದ, ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ. ಬಸ್ ನಿಲ್ದಾಣದಲ್ಲಿ ಬಾಂಬು ಸಿಡಿದಾಗ ನನ್ನ ತಮ್ಮ ಟಿಕೆಟ್ ಸಾಲಿನಲ್ಲಿ ನಿಂತಿದ್ದ. ಅವನ ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಅವನ ಮುಂದೆ ನಿಂತಿದ್ದವರು ಉಳಿಯಲೇ ಇಲ್ಲ. ಸುದ್ದಿ ಬಂದಾಗ ನಾನು ಹಲ್ಲಿನ ಆಸ್ಪತ್ರೆಯಲ್ಲಿ, ನನ್ನ ಕೌಂಟರಿನ ಹಿಂದಿದ್ದೆ. ಯಾರುಯಾರಿಗೆ ಫೋನು ಮಾಡಿದೆನೋ ನನಗೇ ಗೊತ್ತಿಲ್ಲ. ಬಂದವರು ಮಾತ್ರ ನಮ್ಮ ಮನೆಯ ಕೆಳಗಿನ ಮಹಡಿಯಲ್ಲಿರುವ ಬೀಗದಣ್ಣ. ಬೀಗ ರಿಪೇರಿ ಅವರ ಕಸುಬು; ಬೀದಿಗೆಲ್ಲ ಅದೇ ಅವರ ಹೆಸರು. ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿಸಿದರು. ಆಪರೇಷನ್ ಮುಗಿಯುವವರೆಗೂ ಪಕ್ಕದಲ್ಲೇ ಕೂತಿದ್ದರು. "ನೀರಾದ್ರೂ ಕುಡಿ ತಂಗಿ" ಅಂದರು, ಅಷ್ಟೇ.

ಆಗ ಗೋಡೆಯ ಟೀವಿಯಲ್ಲಿ, ಬಾಂಬಿಟ್ಟವರು ಯಾವ ಧರ್ಮದ ಹೆಸರು ಹೇಳಿಕೊಂಡಿದ್ದಾರೆ ಎಂಬ ಸುದ್ದಿ ಬಂತು. ಬೀಗದಣ್ಣ ಹುಟ್ಟಿದ್ದು ಅದೇ ಧರ್ಮದಲ್ಲಿ. ಅವರು ಟೀವಿ ನೋಡಿದರು, ನನ್ನ ಮುಖ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಮೆಲ್ಲಗೆ ಎದ್ದು ಎರಡು ಕುರ್ಚಿ ಆಚೆ ಹೋಗಿ ಕೂತರು. ನಾನೂ ಎದ್ದು ಅವರ ಪಕ್ಕದಲ್ಲೇ ಹೋಗಿ ಕೂತೆ. ಆ ವಿಷಯದಲ್ಲಿ ನಮ್ಮಿಬ್ಬರ ನಡುವಿನ ಶಾಂತಿ ಸಭೆ ಅಲ್ಲಿಗೆ ಮುಗಿದಿತ್ತು.

ಆದರೆ ತಮಗೆ ಇನ್ನೊಂದು ಸಭೆ ಬೇಕಾಗಿತ್ತು. "ಊರು ಕುದೀತಾ ಇದೆ, ಸಂತ್ರಸ್ತರ ಕಡೆಯಿಂದ ಒಬ್ಬರಾದ್ರೂ ಬರ್ಲೇಬೇಕು" ಎಂದು ನಿಮ್ಮವರು ಗೋಗರೆದರು. ತಮ್ಮನನ್ನು ವಾರ್ಡಿನಲ್ಲಿ ಬಿಟ್ಟು ಬಂದೆ. ವೇದಿಕೆಯ ಮೇಲೆ ತಾವು ಖುದ್ದಾಗಿ ನನ್ನನ್ನೂ ಬೀಗದಣ್ಣನನ್ನೂ ಪರಸ್ಪರ ಪರಿಚಯ ಮಾಡಿಕೊಟ್ಟಿರಿ! ದಿನಬೆಳಗಾದರೆ ಒಂದೇ ಮೆಟ್ಟಿಲು ಹತ್ತಿ ಇಳಿಯುವವರಿಗೆ! "ಇವರು ಆ ಸಮುದಾಯದ ಪ್ರತಿನಿಧಿ" ಎಂದಿರಿ.

"ನಾನು ನನ್ನ ಹೆಂಡ್ತಿಗೇ ಪ್ರತಿನಿಧಿ ಅಲ್ಲ ಸಾರ್. ಅಂಗಡೀಲಿದ್ದೆ, ಜೀಪು ಬಂತು, ಹತ್ತು ಅಂದ್ರು, ಹತ್ತಿದೆ" ಅಂದರು ಬೀಗದಣ್ಣ.

ಸಭೆ ನಕ್ಕಿತು. ತಾವೂ ನಕ್ಕಿರಿ. ಅವರು ತಮಾಷೆ ಮಾಡುತ್ತಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಫೋಟೋದವ ಬಂದು "ಕೈ ಹಿಡ್ಕೊಳ್ಳಿ ಮೇಡಂ, ಕಣ್ಣಲ್ಲಿ ಸ್ವಲ್ಪ ನೀರು ಬಂದ್ರೆ ಇನ್ನೂ ಚೆನ್ನಾಗಿರುತ್ತೆ" ಅಂದ.

ಆ ಫೋಟೋ ಫ್ಲೆಕ್ಸ್ ಆಗಿ ನಿಂತಿತು. ಎಡಕ್ಕೆ ನಾನು, ಬಲಕ್ಕೆ ತಲೆ ತಗ್ಗಿಸಿದ ಬೀಗದಣ್ಣ, ಮೇಲೆ ನಮ್ಮಿಬ್ಬರಿಗಿಂತ ದೊಡ್ಡದಾಗಿ ನಿಮ್ಮ ಭಾವಚಿತ್ರ. ಕೆಳಗೆ ದಪ್ಪಕ್ಷರದಲ್ಲಿ: "ಕ್ಷಮಿಸೋಣ, ಒಂದಾಗೋಣ."

ಮಾನ್ಯರೇ, ಯಾರು ಯಾರನ್ನು ಕ್ಷಮಿಸಬೇಕಾಗಿತ್ತು? ಬಾಂಬಿಟ್ಟವರನ್ನು ಕ್ಷಮಿಸುವುದೋ ಬಿಡುವುದೋ ನನಗೂ ನನ್ನ ತಮ್ಮನಿಗೂ ಬಿಟ್ಟ ವಿಷಯ. ಸದ್ಯಕ್ಕೆ ಕ್ಷಮಿಸುವ ಯೋಚನೆಯೇ ನಮಗಿಲ್ಲ. ಬೀಗದಣ್ಣನನ್ನು ಕ್ಷಮಿಸಬೇಕೆಂದರೆ ಅವರು ಮಾಡಿದ ತಪ್ಪೇನು? ನನ್ನನ್ನು ಆಸ್ಪತ್ರೆಗೆ ಮುಟ್ಟಿಸಿದ್ದೇ? ಕ್ಷಮೆ ಎಂದ ಮೇಲೆ ತಪ್ಪಿತಸ್ಥನೊಬ್ಬ ಇರಲೇಬೇಕಲ್ಲ? ಓದಿದವರೆಲ್ಲ ಬಲಗಡೆ ನಿಂತವನೇ ಅವನು ಎಂದುಕೊಂಡರು. ಮರುದಿನವೇ ನನ್ನ ಕೌಂಟರಿಗೆ ಬಂದ ಹಲ್ಲುನೋವಿನ ಹೆಂಗಸೊಬ್ಬಳು ಕೆನ್ನೆ ಹಿಡಿದುಕೊಂಡೇ, "ನಿಮ್ದು ದೊಡ್ಡ ಮನಸ್ಸು ಕಣ್ರೀ. ನಾನಾಗಿದ್ರೆ ಅವನನ್ನ ಸುಮ್ನೆ ಬಿಡ್ತಿರ್ಲಿಲ್ಲ" ಅಂದಳು. ಯಾರನ್ನು ಎಂದು ಕೇಳಿದೆ. "ಅದೇ, ಫೋಟೋದಲ್ಲಿರೋನು" ಅಂದಳು.

ಬೀದಿಯಲ್ಲಿ ಮನೆಮನೆಯ ಬೀಗ ಬದಲಾಗತೊಡಗಿತು. ಮಗು ಒಳಗಿರುವಾಗಲೇ ಬಾಗಿಲು ಲಾಕ್ ಆಗಿಹೋದಾಗ ಬೀಗದಣ್ಣನ ಕಾಲಿಗೇ ಬಿದ್ದಿದ್ದವರು, ಬೇರೆ ಬಡಾವಣೆಯಿಂದ ಆಳು ಕರೆಸಿ ಹೊಸ ಬೀಗ ಹಾಕಿಸಿಕೊಂಡರು. "ಅವ್ರ ಹತ್ರ ಎಲ್ಲರ ಮನೆ ಕೀ ಅಚ್ಚು ಇರುತ್ತಂತೆ" ಎಂಬ ಪಿಸುಮಾತು ಹಾಲಿನಂಗಡಿಯಿಂದ ಹೊರಟು ಸಂಜೆಯೊಳಗೆ ಬೀದಿ ಸುತ್ತಿ ಬಂತು. ಗಾಳಿಗೆ ಯಾವ ಬೀಗ?

ಆಮೇಲೆ ಒಂದು ಸಂಜೆ ದೊಣ್ಣೆ ಹಿಡಿದ ಗುಂಪು ಬಂತು. ನಾನು ಬಾಲ್ಕನಿಯಿಂದಲೇ ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ. "ಗಾಬರಿಯಾಗ್ಬೇಡಿ ಮೇಡಂ, ಶಾಂತಿ ಕಾಪಾಡಿ" ಎಂದಿತು ಆ ಕಡೆಯ ದನಿ. ನಾನು ಶಾಂತಿ ಕಾಪಾಡುತ್ತ ನಿಂತೆ. ಕೆಳಗೆ ಅವರು ಅಂಗಡಿಯ ಗಾಜು ಒಡೆದರು, ಕೀ ಕೊರೆಯುವ ಯಂತ್ರವನ್ನು ಬೀದಿಗೆ ಎಳೆದು ಜಜ್ಜಿದರು. ಅವರಲ್ಲಿ ಕೆಲವರ ಮುಖ ನನಗೆ ಗೊತ್ತು. ಹೇಳಲು ಠಾಣೆಗೆ ಹೋದರೆ, "ವಾತಾವರಣ ಸ್ವಲ್ಪ ತಿಳಿಯಾಗ್ಲಿ, ಆಮೇಲೆ ನೋಡೋಣ" ಅಂದರು.

ಬೆಳಿಗ್ಗೆ ಅಕ್ಕಪಕ್ಕದ ನಾವು ಕೆಲವರು ಪೊರಕೆ ಹಿಡಿದು ಗಾಜು ಗುಡಿಸುತ್ತಿದ್ದೆವು. ಆಗ ಬಂದರು ನಿಮ್ಮ ಪೊಲೀಸರು! ನಿಷೇಧಾಜ್ಞೆಯಂತೆ, ಗುಂಪು ಸೇರಬಾರದಂತೆ. ದೊಣ್ಣೆ ಹಿಡಿದವರಿಗೆ ಅನ್ವಯಿಸದ ಆಜ್ಞೆ ಪೊರಕೆ ಹಿಡಿದವರಿಗೆ ಅನ್ವಯಿಸಿತು. ನಮ್ಮನ್ನು ಚದುರಿಸಿ, "ಸೂಕ್ಷ್ಮ ಸ್ಥಳ" ಎಂದು ಅಂಗಡಿಗೆ ಬೀಗ ಜಡಿದು ಸೀಲು ಹಾಕಿದರು. ಬೀಗದಣ್ಣ ಆ ಬೀಗವನ್ನು ಒಮ್ಮೆ ಮುಟ್ಟಿ ನೋಡಿ, "ಇದನ್ನ ಹೇರ್‌ಪಿನ್ನಿನಲ್ಲಿ ತೆಗೀಬಹುದು ತಂಗಿ. ಆದ್ರೆ ತೆಗೆಯಲ್ಲ" ಅಂದರು. ಕಾನೂನಿನ ಮೇಲಿನ ಅವರ ಗೌರವಕ್ಕೆ ತಾವು ಇನ್ನೊಂದು ಫ್ಲೆಕ್ಸ್ ಹಾಕಿಸದಿದ್ದರೆ ಸಾಕು.

ಹೋದ ವಾರ ನನ್ನ ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ. ಬಚ್ಚಲಿನಲ್ಲಿ ಹಿಡಿದು ಏಳಲು ಅವನಿಗೊಂದು ಸರಳು ಬೇಕಿತ್ತು. ಬೀಗದಣ್ಣನ ಸಲಕರಣೆಯೆಲ್ಲ ನಿಮ್ಮ ಸೀಲಿನ ಒಳಗೆ. ಯಾರದೋ ಡ್ರಿಲ್ಲಿಂಗ್ ಮಷಿನ್ ಬೇಡಿ ತಂದು ಗೋಡೆಗೆ ಸರಳು ಕೂರಿಸಿದರು. ಕೆಲಸ ಮುಗಿಸಿ, ಕೈ ತೊಳೆದು, ಜೇಬಿನಿಂದ ನಮ್ಮ ಮನೆಯ ಇನ್ನೊಂದು ಕೀ ತೆಗೆದು ಮೇಜಿನ ಮೇಲಿಟ್ಟರು. ನಾನು ಕೆಲಸಕ್ಕೆ ಹೋದಾಗ ಬೇಕಾಗುತ್ತದೆಂದು ಅವರಲ್ಲಿ ಬಿಟ್ಟಿದ್ದ ಕೀ.

"ಇಟ್ಕೋ ತಂಗಿ. ನಾಳೆ ಏನಾದ್ರೂ ಆದ್ರೆ ನಿನ್ನನ್ನೂ ಕೇಳ್ತಾರೆ. ನಿಮ್ಮ ಅತ್ತಿಗೆ ಅವರಕ್ಕನ ಊರಿಗೆ ಹೋಗೋಣ ಅಂತಿದ್ದಾಳೆ" ಅಂದರು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು, ಒಳಗೆ ಬರಲಿಲ್ಲ. ಯಾವತ್ತೂ ಹೇಳದೆ ಕೇಳದೆ ಅಡುಗೆಮನೆಗೇ ಬರುತ್ತಿದ್ದವರು.

ನನಗಿಂತ ಮೊದಲು ಮಾತಾಡಿದವನು ನನ್ನ ತಮ್ಮ. "ಅಲ್ಲಣ್ಣ, ಇವಳು ಬೆಳಿಗ್ಗೆ ಹೋದ್ರೆ ಸಂಜೆ ಬರ್ತಾಳೆ. ನಾನು ಬಚ್ಚಲಲ್ಲಿ ಜಾರಿ ಬಿದ್ರೆ ಬಾಗಿಲು ತೆಗೆಯೋರು ಯಾರು? ಆ ಫ್ಲೆಕ್ಸಿನ ಸಾಹೇಬ್ರಾ? ಕೀ ಒಳಗಿಟ್ಕೋ, ತಲೆಹರಟೆ ಮಾಡ್ಬೇಡ."

ಬೀಗದಣ್ಣ ಮೇಜಿನ ಮೇಲಿನ ಕೀ ತೆಗೆದು ಜೇಬಿಗೆ ಹಾಕಿಕೊಂಡರು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೆಳಗಿಳಿದು ಹೋದರು. ಈ ತಿಂಗಳು ಹೋಗುವುದಿಲ್ಲವಂತೆ. ಮುಂದಿನ ತಿಂಗಳ ಮಾತು ಅವರು ಹೇಳಿಲ್ಲ, ನಾನು ಕೇಳುವ ಧೈರ್ಯ ಮಾಡಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಅಂಗಡಿಯ ಸೀಲು ತೆಗೆಸಿ. ಒಡೆದವರನ್ನು ಹಿಡಿಯಿರಿ, ಗುರುತಿಸಲು ನಾನು ಯಾವಾಗ ಕರೆದರೂ ಬರುತ್ತೇನೆ. ಫ್ಲೆಕ್ಸ್ ಇಳಿಸುವಾಗ ಜೀಪಿನ ಮೈಕಿನಲ್ಲಿ ಒಂದು ಮಾತು ಹೇಳಿಸಿ: ಈ ಮನುಷ್ಯ ಯಾರ ಕ್ಷಮೆಯನ್ನೂ ಬೇಡಬೇಕಾಗಿಲ್ಲ, ನಾವೇ ಇವರ ಕ್ಷಮೆ ಕೇಳಬೇಕು, ಎಂದು. ಶಾಂತಿಯನ್ನು ಶಾಂತವಾಗಿರುವವರ ಹತ್ತಿರ ಮಾತ್ರ ಕೇಳುವುದು ಸುಲಭದ ಕೆಲಸ. ಅದಕ್ಕೆ ಅಧಿಕಾರಿಯೇ ಬೇಕಾಗಿಲ್ಲ, ಮೈಕೊಂದಿದ್ದರೆ ಸಾಕು.

ಇಂತಿ,
ಶಾಂತಿ ಕಾಪಾಡಿ ಕಾಪಾಡಿ ಸಾಕಾಗಿಹೋದ,
ನಿಮ್ಮ ನಗರದ ಒಬ್ಬ ಅಕ್ಕ